ದೀಪ ಬೇಡದ ಪತಂಗ, ದೀಪ ಹೊತ್ತ ಹುಳ

ಮೇ ಕೊನೆಯ ವಾರ. ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆಗೆ ಬಂದಿದ್ದೇನೆ. ನಿನ್ನೆ ಸಂಜೆ ಒಂದು ಮಳೆ ಹೊಯ್ದು ನಿಂತಿದೆ. ಈಗ ಬೆಳಿಗ್ಗೆ 9 ಗಂಟೆ, ಒಳ್ಳೆ ಬಿಸಿಲು.

ಬೇಲಿಯ ಲಂಟಾನ ಹೂವಿನ ಮುಂದೆ ಗುಂಯ್ ಅನ್ನುತ್ತಿದೆಯಲ್ಲ, ದುಂಬಿ ಅಂತ ಅನ್ನಿಸುತ್ತೆ ಅಲ್ವಾ? ಅದು ಪತಂಗ. ಹೆಸರು ಸೆಫೊನೋಡಿಸ್ ಹೈಲಾಸ್. ಪತಂಗ ಅಂದರೆ ರಾತ್ರಿ ದೀಪಕ್ಕೆ ಮುತ್ತುವ ಹುಳ ಅಂತಲೇ ನಮಗೆ ಗೊತ್ತು. ಇದು ಹಾರುವುದು ಹಗಲಿನಲ್ಲಿ.

ವಿಡಿಯೊ ನಿಧಾನ ಮಾಡಿದ್ದೇನೆ, ನೋಡಿ. ಹೂವಿನ ಮೇಲೆ ಕೂರುವುದೇ ಇಲ್ಲ. ಗಾಳಿಯಲ್ಲೇ ನಿಂತು, ಸುರುಳಿ ಬಿಚ್ಚಿದ ಉದ್ದ ನಾಲಿಗೆಯನ್ನು ಹೂವಿನೊಳಗೆ ಇಳಿಸುತ್ತದೆ. ಮೈ ಹಸಿರು, ಸೊಂಟಕ್ಕೊಂದು ಕೆಂಪು ಪಟ್ಟಿ, ಬಾಲದಲ್ಲಿ ಕಪ್ಪು ಕುಚ್ಚು. ರೆಕ್ಕೆ ಮಾತ್ರ ಗಾಜು! ಆಚೆಗಿನ ಎಲೆ ಅದರೊಳಗಿಂದಲೇ ಕಾಣುತ್ತದೆ. ಕೋಶದಿಂದ ಹೊರಬಂದಾಗ ಈ ರೆಕ್ಕೆಗೂ ಪುಡಿಯಂಥ ಹುರುಪೆ ಇರುತ್ತದೆ. ಮೊದಲ ಸಲ ರೆಕ್ಕೆ ಬಡಿದಾಗ ಅದೆಲ್ಲ ಉದುರಿಹೋಗುತ್ತದೆ. ನನಗೆ ಇದಕ್ಕಿಂತ ಚೆಂದದ ಸಂಗತಿ ಬೇರೆ ಗೊತ್ತಿಲ್ಲ.

ಇದರ ಮರಿಹುಳ ಗಂಧರಾಜದ ಎಲೆ ತಿನ್ನುತ್ತದೆ. ಅದೇ ಕುಟುಂಬದ ಕಾಫಿ ಎಲೆಯೂ ಆಗುತ್ತದೆ. ಬೆಳೆದ ಮೇಲೆ ಕೆಳಗಿಳಿದು ದರಗಿನ ನಡುವೆ ಕೋಶ ಕಟ್ಟುತ್ತದೆ. ಮಿಣುಕುಹುಳದ ಮರಿಗಳು ಬೆಳೆಯುವುದೂ ಇಂಥ ಒದ್ದೆ ದರಗಿನಲ್ಲೇ, ಬಸವನಹುಳಗಳನ್ನು ಬೇಟೆಯಾಡುತ್ತಾ. ಹಾಗಾಗಿ ಗಂಧರಾಜದ ಬುಡ ಗುಡಿಸಿ ಸುಡಬೇಡಿ ಅಂತ ದೊಡ್ಡಮ್ಮನಿಗೆ ಹೇಳಿದೆ. ಒಪ್ಪಿದ್ದಾರೆ.

ಈಗ ರಾತ್ರಿ 8. ಕ್ಯಾಮೆರಾದಲ್ಲಿ ಇದರ ಕಾಲು ಭಾಗವೂ ಬರುತ್ತಿಲ್ಲ, ದಯವಿಟ್ಟು ನಂಬಿ, ಇಡೀ ತೋಟ ಮಿಣುಕುತ್ತಿದೆ. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದೇನೆ. ರೆಕ್ಕೆ ಮೇಲೆ ಗಟ್ಟಿ ಮುಚ್ಚಳ ಇದೆ, ಅಂದರೆ ಇದು ಜೀರುಂಡೆಯ ಬಳಗ. ಹೊಟ್ಟೆಯ ತುದಿಯಲ್ಲಿ ಎರಡು ಬಿಳಿ ಪಟ್ಟಿ, ಹಾಗಾಗಿ ಗಂಡು. ಇವುಗಳಲ್ಲಿ ಹೆಣ್ಣಿಗೆ ಒಂದೇ ಪಟ್ಟಿ. ಲೂಸಿಫೆರಿನ್ ಅನ್ನುವ ವಸ್ತು ಆಮ್ಲಜನಕದ ಜೊತೆ ಸೇರಿ ಈ ಬೆಳಕು ಬರುತ್ತದೆ. ಬಿಸಿ? ಚೂರೂ ಇಲ್ಲ. ಅಂಗೈ ತಣ್ಣಗೇ ಇದೆ.

ಗಂಡು ಹಾರುತ್ತಾ ಮಿಣುಕುತ್ತದೆ, ಹುಲ್ಲಿನಲ್ಲಿ ಕೂತ ಹೆಣ್ಣು ಮಿಣುಕಿ ಉತ್ತರ ಕೊಡುತ್ತದೆ. ನಮ್ಮ ಜಗಲಿಯ ಬಲ್ಬು ಉರಿಯುತ್ತಿದ್ದರೆ ಆ ಉತ್ತರ ಕಾಣುವುದಾದರೂ ಹೇಗೆ? ಬೆಳಗಿನ ಆ ಪತಂಗ ಈ ಬಲ್ಬಿನ ತಂಟೆಗೇ ಬರುವುದಿಲ್ಲ. ಇವುಗಳಿಗೆ ಆ ಭಾಗ್ಯ ಇಲ್ಲ.

ದೊಡ್ಡಮ್ಮಾ, ಆ ದೀಪ ಸ್ವಲ್ಪ ಆರಿಸ್ತೀರಾ?

ಹಾಂ. ಈಗ ಅಲ್ಲಿ ನೋಡಿ, ಬಾವಿಕಟ್ಟೆಯ ಪಕ್ಕ, ಹುಲ್ಲಿನ ಬುಡದಲ್ಲಿ. ಒಂದು ಸಲ. ಮತ್ತೆ ಒಂದು ಸಲ.