ಕೋರೆಹಲ್ಲಿನ ಬೇರು ಹೇಳುವ ಬೆಳವಣಿಗೆಯ ಹೊತ್ತು

ಮಾನ್ಯರೇ,

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಒಂದು ಮಾತು ರೂಢಿಯಾಗಿದೆ: "ಹತ್ತನೆಯ ತರಗತಿ ಮುಗಿಯಲಿ, ಆಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸೋಣ." ಹಲ್ಲಿನ ಸಾಲು ಮಾತ್ರ ತಪ್ಪಿದ್ದರೆ ಕಾಯಬಹುದು. ಕೆಳದವಡೆಯೇ ಹಿಂದುಳಿದು ಮೇಲಿನ ಹಲ್ಲು ಉಬ್ಬಿರುವ ಮಗು ಅಷ್ಟು ಕಾಯಬಾರದು. ಮಾಟುಂಗದ ಈ ಸಭೆಯಲ್ಲಿ ಇಷ್ಟೊಂದು ತಂದೆತಾಯಂದಿರು ಸೇರಿರುವಾಗ ನಾನು ಒತ್ತಿ ಹೇಳಬೇಕಾದದ್ದು ಇದನ್ನೇ.

ಟ್ವಿನ್ ಬ್ಲಾಕ್‌ನಂಥ ಸಾಧನಗಳು ಕೆಳದವಡೆಯನ್ನು ಮುಂದಕ್ಕೆ ತರಲು ಬಾಯಲ್ಲಿ ಹಾಕುವಂಥವು; ಅವು ಮಗುವಿನ ಬೆಳವಣಿಗೆಯನ್ನೇ ನೆಚ್ಚಿ ಕೆಲಸ ಮಾಡುತ್ತವೆ. ಬೆಳವಣಿಗೆಯ ಭರ ಹುಡುಗಿಯರಲ್ಲಿ ಸರಾಸರಿ 12ರ, ಹುಡುಗರಲ್ಲಿ 14ರ ಆಸುಪಾಸು. ಆದರೆ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹುಡುಗಿಯರ ನಡುವೆಯೂ ಎರಡು ವರ್ಷದ ಅಂತರವಿರಬಹುದು. ಮಗಳು ಮೈನೆರೆದಾಗ "ಇನ್ನು ಬೆಳೆಯುತ್ತಾಳೆ" ಎಂದು ತಾಯಂದಿರು ಭಾವಿಸುತ್ತಾರೆ. ಅತಿ ವೇಗದ ಬೆಳವಣಿಗೆ ಸಾಮಾನ್ಯವಾಗಿ ಅದಕ್ಕೆ ಮೊದಲೇ ಆಗಿಹೋಗಿರುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಚಿಕಿತ್ಸೆಗೆಂದು ತೆಗೆಯುವ ಒಪಿಜಿ ಎಕ್ಸ್-ರೇಯಲ್ಲಿ ಎರಡೂ ದವಡೆಗಳು ಒಟ್ಟಿಗೆ ಕಾಣುತ್ತವೆ. ಕೆಳಗಿನ ಎಡ ಕೋರೆಹಲ್ಲಿನ ಬೇರಿನ ತುದಿಯನ್ನು ನೋಡಿ. ಬೇರು ಕಿರೀಟದಷ್ಟು (ಬೇರಿನ ಮೇಲಿನ ಹಲ್ಲಿನ ಭಾಗದಷ್ಟು) ಉದ್ದವಾಗಿ, ತುದಿ ಲಾಳಿಕೆಯಂತೆ ಅಗಲಿಸಿಕೊಂಡಿದ್ದರೆ ಅದು ಎಫ್ ಹಂತ. ಬೇರಿನ ನಾಳದ ಗೋಡೆಗಳು ಸಮಾನಾಂತರವಾಗಿ, ತುದಿ ಇನ್ನೂ ಪೂರ್ತಿ ಮುಚ್ಚದಿದ್ದರೆ ಜಿ. ಮುಚ್ಚಿಬಿಟ್ಟರೆ ಎಚ್. 1973ರಲ್ಲಿ ಮಾಂಟ್ರಿಯಲ್‌ನ ಡೆಮಿರ್ಜಿಯನ್ ಮತ್ತು ಸಂಗಡಿಗರು ಪ್ರಕಟಿಸಿದ, ಹಲ್ಲು ಬೆಳೆಯುವ ಎಂಟು ಹಂತಗಳಲ್ಲಿ ಕೊನೆಯ ಮೂರು ಇವು. ಎಫ್ ದಾಟಿ ಜಿ ಕಡೆಗೆ ಸಾಗುವ ಹೊತ್ತಿಗೇ ಬೆಳವಣಿಗೆಯ ಭರ ಶುರುವಾಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ.

ಇಷ್ಟರಿಂದಲೇ ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ಈ ಹಂತಗಳಿಂದ ವಯಸ್ಸು ಲೆಕ್ಕಹಾಕುವ ಡೆಮಿರ್ಜಿಯನ್ ಕೋಷ್ಟಕಗಳು ಫ್ರೆಂಚ್ ಮೂಲದ ಕೆನಡಾ ಮಕ್ಕಳವು. 1998ರಲ್ಲಿ ದಕ್ಷಿಣ ಭಾರತದ ಮಕ್ಕಳಿಗೆ ಅವನ್ನು ಅನ್ವಯಿಸಿದಾಗ ವಯಸ್ಸು ಸುಮಾರು ಮೂರು ವರ್ಷ ಹೆಚ್ಚಾಗಿ ಬಂತು. ಆದ್ದರಿಂದ ಕೋಷ್ಟಕದ ವಯಸ್ಸನ್ನು ಬಿಟ್ಟು ಬೇರಿನ ಹಂತವನ್ನಷ್ಟೇ ಓದಬೇಕು. "ಭರ ಇನ್ನೂ ಬಂದಿಲ್ಲ" ಎಂಬುದನ್ನು ಹಲ್ಲು ನೆಚ್ಚುವಂತೆ ಹೇಳುತ್ತದೆ. "ಬೆಳವಣಿಗೆಯ ಶಿಖರ ಇದೇ" ಎಂಬುದನ್ನು ಅಷ್ಟು ಖಚಿತವಾಗಿ ಹೇಳಲಾರದು. ಅದಕ್ಕೆ ಕತ್ತಿನ ಕಶೇರುಕಗಳನ್ನೂ (ಬೆನ್ನೆಲುಬಿನ ಬಿಡಿ ಮೂಳೆಗಳನ್ನೂ) ನೋಡುತ್ತೇವೆ. ತಲೆಯ ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಎರಡನೆಯ ಮತ್ತು ಮೂರನೆಯ ಕಶೇರುಕಗಳ ಕೆಳ ಅಂಚು ಒಳಬಾಗಿ, ನಾಲ್ಕನೆಯದರ ಅಂಚು ಇನ್ನೂ ಚಪ್ಪಟೆಯಾಗಿದ್ದರೆ ಶಿಖರ ಹತ್ತಿರವಿದೆ ಎಂದರ್ಥ. ಆ ಎಕ್ಸ್-ರೇ ಹೇಗೂ ಚಿಕಿತ್ಸೆಗೆ ಬೇಕಾದದ್ದೇ. ವಯಸ್ಸು ತಿಳಿಯಲೆಂದೇ ಮಗುವಿನ ಮೇಲೆ ಮತ್ತೊಂದು ಸಲ ವಿಕಿರಣ ಹಾಯಿಸುವುದು ಬೇಡ.

ಮೇಲ್ದವಡೆ ಹಿಂದುಳಿದ ಮಕ್ಕಳ ಲೆಕ್ಕ ಬೇರೆ. ಅವರಿಗೆ ಹಾಲುಹಲ್ಲು ಪೂರ್ತಿ ಬೀಳುವ ಮೊದಲೇ, ಎಂಟು ಒಂಬತ್ತರ ಪ್ರಾಯದಲ್ಲೇ ಚಿಕಿತ್ಸೆ ಬೇಕಾಗಬಹುದು.

ಆದ್ದರಿಂದ ಮಗು ನಾಲ್ಕನೆಯ ತರಗತಿಯಲ್ಲಿರುವಾಗಲೇ ಒಮ್ಮೆ ತೋರಿಸಿ. ಶಾಲೆಯಲ್ಲಿ ಪ್ರತಿವರ್ಷ ಅಳೆದ ಎತ್ತರದ ದಾಖಲೆ ಇದ್ದರೆ ಜೊತೆಗೆ ತನ್ನಿ. ಆರು ತಿಂಗಳಿಗೊಮ್ಮೆ ಮನೆಯಲ್ಲೇ ಅಳೆದು ಬರೆದಿಟ್ಟರೆ ಇನ್ನೂ ಒಳ್ಳೆಯದು. ಸಾಧನ ಹಾಕಿದ ಮೇಲೆ ಮೇ ರಜೆಯಲ್ಲಿ ಊರಿಗೆ ಹೋದಾಗಲೂ ಮಗು ಅದನ್ನು ತೆಗೆದಿಡದಂತೆ ನೋಡಿಕೊಳ್ಳಿ. ಟ್ವಿನ್ ಬ್ಲಾಕನ್ನು ಹೆಚ್ಚುಕಡಿಮೆ ದಿನವಿಡೀ ಧರಿಸಬೇಕು.