ಮಲೇಷ್ಯಾ, ಪೀಮಾ: ಆದಾಯ ಆಮೇಲೆ, ಮೊದಲು ಪಹಣಿ ನೋಡೋಣ

ನಮಸ್ಕಾರ. ಮಲೇಷ್ಯಾದವರ ಸ್ಥಿತಿ ಮೇಲೋ, ಅಮೆರಿಕದ ಪೀಮಾ ಬುಡಕಟ್ಟಿನವರದು ಮೇಲೋ? ಈ ಪ್ರಶ್ನೆಗೆ ನೇರ ಉತ್ತರ ಕೊಡುವವರನ್ನು ನಂಬಬೇಡಿ. ಮಲೇಷ್ಯಾ ಅಂದರೆ ಮೂರು ಕೋಟಿಗೂ ಹೆಚ್ಚು ಜನರ ದೇಶ. ಅಲ್ಲಿ ಮಲಯರು, ಚೀನೀಯರು, ತಮಿಳರು, ಸಬಾ ಮತ್ತು ಸರವಾಕ್‌ನ ಹತ್ತಾರು ಬುಡಕಟ್ಟುಗಳು, ಪರ್ಯಾಯ ದ್ವೀಪದ ಕಾಡಂಚಿನ ಮೂಲನಿವಾಸಿಗಳಾದ ಓರಾಂಗ್ ಅಸ್ಲಿಗಳು ಎಲ್ಲರೂ ಸೇರಿದ್ದಾರೆ. ಪೀಮಾ ಅಂದರೆ ಅರಿಜೋನಾದ ಫೀನಿಕ್ಸ್ ನಗರದ ದಕ್ಷಿಣಕ್ಕೆ, ಹೀಲಾ ನದಿ ಮೀಸಲು ಪ್ರದೇಶದಲ್ಲಿರುವ ಹದಿನೈದು ಸಾವಿರದೊಳಗಿನ ಜನ, ಜತೆಗೆ ಸಾಲ್ಟ್ ನದಿಯ ದಡದಲ್ಲೊಂದು ಸಣ್ಣ ಪಾಲು. ಅವರು ತಮ್ಮನ್ನು ಕರೆದುಕೊಳ್ಳುವುದು ಅಕಿಮೆಲ್ ಓಓಧಮ್, ಅಂದರೆ ನದಿಯ ಜನ. ಇಡೀ ದೇಶದ ಸರಾಸರಿಯನ್ನು ಒಂದು ತಾಲ್ಲೂಕಿನಷ್ಟೂ ಇಲ್ಲದ ಸಮುದಾಯದ ಪಕ್ಕ ಇಟ್ಟರೆ ಹೋಲಿಕೆ ಆಗಲ್ಲ, ಗೊಂದಲ ಆಗುತ್ತೆ.

ಸರಿಯಾಗಿ ಹೋಲಿಸಬೇಕು ಅಂದರೆ ಸಮುದಾಯದ ಎದುರು ಸಮುದಾಯವನ್ನೇ ಇಡಬೇಕು. ಮಲೇಷ್ಯಾ ಕಡೆಯಿಂದ ಎರಡು ಗುಂಪು ತಗೊಳ್ತೀನಿ: ಸರ್ಕಾರ ಜಮೀನು ಕೊಟ್ಟು ನೆಲೆಗೊಳಿಸಿದ ಫೆಲ್ಡಾ ಯೋಜನೆಯ ಒಕ್ಕಲುಗಳು, ಮತ್ತು ಇದ್ದ ಜಮೀನನ್ನೂ ಉಳಿಸಿಕೊಳ್ಳೋಕೆ ಒದ್ದಾಡ್ತಿರುವ ಓರಾಂಗ್ ಅಸ್ಲಿಗಳು. ನನ್ನ ವಾದ ಇಷ್ಟೇ: ಕೈಗೆ ಬರುವ ದುಡ್ಡಿಗಿಂತ, ನೆಲ ಮತ್ತು ನೀರಿನ ದಾಖಲೆ ಯಾರ ಹೆಸರಲ್ಲಿದೆ, ಯಾವ ಕಾಲದಲ್ಲಿ ಆ ಹೆಸರು ಬಿತ್ತು ಅನ್ನೋದು ಇವರೆಲ್ಲರ ಬದುಕನ್ನು ತೀರ್ಮಾನಿಸಿದೆ.

ಮೊದಲು ಬಡತನದ ಲೆಕ್ಕ ಮುಗಿಸಿಬಿಡೋಣ. ಮಲೇಷ್ಯಾ ಸರ್ಕಾರ ಬಹಳ ವರ್ಷ ತನ್ನಲ್ಲಿ ಬಡತನ ಶೇ. 0.4 ಮಾತ್ರ ಅಂತ ಹೇಳ್ತಿತ್ತು. ಕಾರಣ, ರೇಖೆ ಎಳೆದಿದ್ದೇ ಅಷ್ಟು ಕೆಳಗೆ: ಒಂದು ಕುಟುಂಬಕ್ಕೆ ತಿಂಗಳಿಗೆ 980 ರಿಂಗಿಟ್. 2019ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್‌ಸ್ಟನ್ ಬಂದು ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಮುಂದಿನ ವರ್ಷ ರೇಖೆಯನ್ನು 2,208 ರಿಂಗಿಟ್‌ಗೆ ಏರಿಸಿದರು. ಬಡತನ ಒಂದೇ ಏಟಿಗೆ ಶೇ. 5.6 ಆಯ್ತು. ಒಬ್ಬನ ಜೇಬಿನಿಂದಲೂ ಒಂದು ಸೆನ್ ಕಳೆದಿರಲಿಲ್ಲ, ಬದಲಾಗಿದ್ದು ಅಳತೆಕೋಲು. 2022ರಲ್ಲಿ ರೇಖೆ 2,589 ರಿಂಗಿಟ್, ಬಡತನ ಶೇ. 6.2. ಆ ರೇಖೆಯನ್ನು ವರ್ಷಕ್ಕೆ ಗುಣಿಸಿ ಆಗಿನ ವಿನಿಮಯ ದರದಲ್ಲಿ ಡಾಲರ್ ಮಾಡಿದರೆ ಏಳು ಸಾವಿರದ ಆಸುಪಾಸು. ಅಮೆರಿಕದಲ್ಲಿ ನಾಲ್ಕು ಜನರ ಕುಟುಂಬಕ್ಕೆ 2023ರ ಅಧಿಕೃತ ಬಡತನ ಮಿತಿ 30,000 ಡಾಲರ್. ಹಾಗಾಗಿ ಹೀಲಾ ನದಿಯ ಬಡ ಮನೆಯನ್ನು ಮಲೇಷ್ಯಾದ ಪಹಾಂಗ್ ರಾಜ್ಯದ ಬಡ ಮನೆಯ ಜತೆ ಶೇಕಡಾ ಲೆಕ್ಕದಲ್ಲಿ ಇಟ್ಟು ನೋಡುವವರು ಗಜಕ್ಕೂ ಮೀಟರಿಗೂ ವ್ಯತ್ಯಾಸ ಗೊತ್ತಿಲ್ಲದವರು.

ಈಗ ನದಿಗೆ ಬರೋಣ. ಪೀಮಾಗಳು ಬಡವರಾಗಿ ಹುಟ್ಟಿದವರಲ್ಲ. ಅವರ ಪೂರ್ವಿಕರು ಅಂತ ಹೇಳುವ ಹುಹುಗಮ್ ಜನ ಮರುಭೂಮಿಯಲ್ಲಿ ನೂರಾರು ಮೈಲಿ ಕಾಲುವೆ ತೋಡಿದ್ದರು. 1850 ಮತ್ತು 60ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾ ಕಡೆ ಹೊರಟ ವಲಸಿಗರಿಗೆ, ಅಮೆರಿಕದ ಸೈನ್ಯಕ್ಕೆ ಗೋಧಿ ಮಾರುತ್ತಿದ್ದವರು ಇವರೇ. 1859ರಲ್ಲಿ ಮೀಸಲು ಪ್ರದೇಶ ಗೊತ್ತಾಯ್ತು. ಭೂಮಿಗೆ ಗಡಿ ಹಾಕಿದರು, ನೀರಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಮೇಲಿನ ಗದ್ದೆಯವನು ನೀರು ತಿರುಗಿಸಿಕೊಂಡರೆ ಕೆಳಗಿನವನ ಪೈರು ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಳಿಯ ಒಕ್ಕಲುಗಳು ನದಿಯ ಮೇಲ್ಭಾಗದಲ್ಲಿ ನೀರು ಎತ್ತಿದರು. 1887ರ ಫ್ಲಾರೆನ್ಸ್ ಕಾಲುವೆ ಉಳಿದಿದ್ದನ್ನೂ ಎಳೆದುಕೊಂಡಿತು. 1890ರ ದಶಕದಲ್ಲಿ ಗೋಧಿ ಮಾರುತ್ತಿದ್ದ ಜನ ಸರ್ಕಾರದ ಪಡಿತರಕ್ಕೆ ಕೈಯೊಡ್ಡಬೇಕಾಯ್ತು, ಮೆಸ್ಕೀಟ್ ಮರ ಕಡಿದು ಸೌದೆ ಮಾರಿ ಹೊಟ್ಟೆ ಹೊರೆದರು.

ಆಮೇಲೆ ಪರಿಹಾರ ಬಂತು, ಕಾಗದದ ಮೇಲೆ. ಕೂಲಿಡ್ಜ್ ಅಣೆಕಟ್ಟನ್ನು ಪೀಮಾಗಳ ಹೆಸರಲ್ಲೇ ಕಟ್ಟಿದರು. 1930ರಲ್ಲಿ ಲೋಕಾರ್ಪಣೆಗೆ ಬಂದ ಹಾಸ್ಯಗಾರ ವಿಲ್ ರೋಜರ್ಸ್, ಜಲಾಶಯದ ತಳದಲ್ಲಿ ಬೆಳೆದಿದ್ದ ಹುಲ್ಲು ನೋಡಿ, ಈ ಕೆರೆ ನನ್ನದಾಗಿದ್ದರೆ ಕತ್ತರಿಸುತ್ತಿದ್ದೆ ಅಂತ ಲೇವಡಿ ಮಾಡಿದರು. 1935ರ ನ್ಯಾಯಾಲಯದ ಡಿಕ್ರಿ ಪೀಮಾಗಳಿಗೆ ಅನಾದಿಕಾಲದ ಹಕ್ಕು ಅಂತ ಒಪ್ಪಿ ವರ್ಷಕ್ಕೆ 2,10,000 ಎಕರೆ-ಅಡಿ ಬರೆಯಿತು (ಒಂದು ಎಕರೆ ಮೇಲೆ ಒಂದು ಅಡಿ ನಿಲ್ಲುವ ನೀರು ಅಂದರೆ ಒಂದು ಎಕರೆ-ಅಡಿ). ನದಿಯಲ್ಲಿ ಅಷ್ಟು ನೀರು ಬಂದರೆ ತಾನೇ?

ನಿಜವಾದ ತಿರುವು 2004ರ ಅರಿಜೋನಾ ಜಲ ಒಪ್ಪಂದ ಕಾಯ್ದೆ. ವರ್ಷಕ್ಕೆ 6,53,500 ಎಕರೆ-ಅಡಿ. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 28.5 ಟಿಎಂಸಿ, ಅಂದರೆ ಕೆಆರ್‌ಎಸ್ ತುಂಬಿದಾಗ ಇರುವ 49.45 ಟಿಎಂಸಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಹದಿನೈದು ಸಾವಿರದೊಳಗಿನ ಜನರಿರುವ ಜಾಗಕ್ಕೆ. ಇದರಲ್ಲಿ 3,11,800 ಎಕರೆ-ಅಡಿ ಬರುವುದು ಹೀಲಾ ನದಿಯಿಂದಲ್ಲ, ಮಧ್ಯ ಅರಿಜೋನಾ ಯೋಜನೆಯ ಕಾಲುವೆಯಲ್ಲಿ ಹರಿದುಬರುವ ಕೊಲರಾಡೋ ನದಿಯ ನೀರು. ಈಗ ಆ ನದಿಯೇ ಸೊರಗಿದೆ. ಅದಕ್ಕೆ 2023ರಲ್ಲಿ ಇನ್ನೊಂದು ಒಪ್ಪಂದ ಆಯ್ತು: ಮೂರು ವರ್ಷ, ವರ್ಷಕ್ಕೆ 1,25,000 ಎಕರೆ-ಅಡಿ ನೀರನ್ನು ಬಳಸದೆ ಮೀಡ್ ಜಲಾಶಯದಲ್ಲೇ ಬಿಟ್ಟರೆ ವರ್ಷಕ್ಕೆ 5 ಕೋಟಿ ಡಾಲರ್. ಎಕರೆ-ಅಡಿಗೆ 400 ಡಾಲರ್ ಬಿತ್ತು. ನೂರು ವರ್ಷದ ಹಿಂದೆ ನೀರಿಲ್ಲದೆ ಉಪವಾಸ ಬಿದ್ದವರು ಇವತ್ತು ನೀರು ಬಿಟ್ಟುಕೊಡೋದಕ್ಕೆ ಬೆಲೆ ಹೇಳ್ತಾರೆ. ಹಕ್ಕು ಕಾಗದದಿಂದ ಕಾಲುವೆಗೆ ಇಳಿದರೆ ಆಗುವ ವ್ಯತ್ಯಾಸ ಅದು. ಕಾಲುವೆಯ ಮೇಲೆ ಸೌರಫಲಕ ಹಾಸುವ ಕೆಲಸವನ್ನೂ 2024ರಲ್ಲಿ ಅಮೆರಿಕದಲ್ಲಿ ಮೊದಲು ಮಾಡಿ ಮುಗಿಸಿದ್ದು ಇವರೇ. ಗುಜರಾತಿನ ನರ್ಮದಾ ಕಾಲುವೆಯ ಮೇಲೆ 2012ರಲ್ಲೇ ಆಗಿತ್ತು ಅನ್ನೋದು ಬೇರೆ ಮಾತು.

ನೀರು ಬಂತು, ಹಾಗಾದರೆ ಎಲ್ಲರೂ ಮತ್ತೆ ರೈತರಾದರಾ? ಇಲ್ಲ. ಇಲ್ಲಿ ಪಹಣಿಯ ಕಥೆ ಶುರು. 1914ರಿಂದ ಮುಂದಕ್ಕೆ ಹೀಲಾ ನದಿ ಮೀಸಲು ಪ್ರದೇಶದಲ್ಲಿ ತಲೆಗೆ 10 ಎಕರೆ ನೀರಾವರಿ ಜಮೀನು, ಇನ್ನೊಂದು 10 ಎಕರೆ ಒಣ ಜಮೀನು ಅಂತ ಹಂಚಿದರು. ಜಮೀನು ಕೇಂದ್ರ ಸರ್ಕಾರದ ವಶದಲ್ಲೇ, ಒಕ್ಕಲಿಗೆ ಅನುಭೋಗದ ಹಕ್ಕು. ಸತ್ತಾಗ ವಾರಸುದಾರರಿಗೆ ಪಾಲು ಹೋಗುತ್ತೆ, ಆದರೆ ಜಮೀನು ಒಡೆಯಲ್ಲ, ಪಾಲು ಮಾತ್ರ ಒಡೆಯುತ್ತೆ. ಲೆಕ್ಕ ಹಾಕಿ. ತಲೆಮಾರಿಗೆ ನಾಲ್ಕು ಮಕ್ಕಳು, ನಾಲ್ಕು ತಲೆಮಾರು: 256 ಪಾಲುದಾರರು. 10 ಎಕರೆ ಅಂದರೆ 400 ಗುಂಟೆ, ಭಾಗಿಸಿದರೆ ತಲೆಗೆ ಒಂದೂವರೆ ಗುಂಟೆ. ಆ ಒಂದೂವರೆ ಗುಂಟೆ ಎಲ್ಲಿದೆ ಅಂತ ತೋರಿಸೋಕೂ ಆಗಲ್ಲ, ಯಾಕಂದರೆ ಅದು ಇಡೀ ಹತ್ತು ಎಕರೆಯ ಮೇಲೆ ಹರಡಿದ ಅವಿಭಕ್ತ ಪಾಲು. ಗುತ್ತಿಗೆಗೆ ಕೊಡಬೇಕು ಅಂದರೆ ಪಾಲುದಾರರು 20 ಅಥವಾ ಹೆಚ್ಚಿದ್ದಾಗ ಅರ್ಧಕ್ಕಿಂತ ಹೆಚ್ಚು ಪಾಲಿನ ಒಪ್ಪಿಗೆ ಬೇಕು. ಒಬ್ಬರು ಲಾಸ್ ಏಂಜಲೀಸ್‌ನಲ್ಲಿ, ಇನ್ನೊಬ್ಬರ ವಿಳಾಸವೇ ಇಲ್ಲ, ಮತ್ತೊಬ್ಬರದು ಇನ್ನೂ ವಾರಸಾ ತೀರ್ಮಾನವೇ ಆಗಿಲ್ಲ. ಅಡವಿಟ್ಟು ಸಾಲ ತೆಗೆಯೋದಂತೂ ಬಲು ಕಷ್ಟ. ನಮ್ಮಲ್ಲಿ ಪೌತಿ ಖಾತೆ ಆಗದೆ ಮುತ್ತಜ್ಜನ ಹೆಸರಲ್ಲೇ ಉಳಿದ ಪಹಣಿ ನೋಡಿದವರಿಗೆ ಇದು ಕೂಡಲೇ ಅರ್ಥ ಆಗುತ್ತೆ. ವ್ಯತ್ಯಾಸ ಇಷ್ಟೇ, ಅಲ್ಲಿ ಇಂಥದ್ದು ಅಪವಾದ ಅಲ್ಲ, ಕಾಯ್ದೆಯೇ ಹೆತ್ತ ಕೂಸು.

ಈಗ ಪಹಾಂಗ್‌ಗೆ ಹಾರೋಣ. ಫೆಲ್ಡಾ, ಅಂದರೆ ಒಕ್ಕೂಟ ಸರ್ಕಾರದ ಭೂ ಅಭಿವೃದ್ಧಿ ಪ್ರಾಧಿಕಾರ, 1956ರಲ್ಲಿ ಶುರುವಾಯ್ತು. ಜಮೀನಿಲ್ಲದ, ಮದುವೆಯಾದ ಬಡವರನ್ನು ಆರಿಸಿ, ಕಾಡು ಕಡಿದು, ಸುಮಾರು 10 ಎಕರೆ ತೋಟ ಮತ್ತು ಕಾಲು ಎಕರೆಯ ಮನೆ ನಿವೇಶನ ಕೊಟ್ಟರು. ನೋಡಿ, ಅಲ್ಲೂ ಹತ್ತು ಎಕರೆ, ಇಲ್ಲೂ ಹತ್ತು ಎಕರೆ. ಮೊದಲು ರಬ್ಬರ್, 60ರ ದಶಕದಿಂದ ಎಣ್ಣೆ ತಾಳೆ. ಹೊಸ ಒಕ್ಕಲುಗಳನ್ನು ಸೇರಿಸೋದು 1990ರಲ್ಲಿ ನಿಂತಾಗ ಒಟ್ಟು 1,12,635 ಕುಟುಂಬ, ಬಹುಪಾಲು ಮಲಯರು. ಎಸ್ಟೇಟುಗಳಲ್ಲಿ ತಲೆಮಾರುಗಟ್ಟಲೆ ದುಡಿದ ತಮಿಳು ಕೂಲಿಗಳಿಗೆ ಈ ಬಾಗಿಲು ತೆರೆದಿದ್ದು ಬೆರಳೆಣಿಕೆಯಷ್ಟು ಮನೆಗಳಿಗೆ, ಅದನ್ನೂ ಹೇಳಲೇಬೇಕು.

ಫೆಲ್ಡಾ ಎರಡು ಕೆಲಸ ಸರಿಯಾಗಿ ಮಾಡಿತು. ಒಂದು, ಜಮೀನಿನ ಜತೆ ಕಾರ್ಖಾನೆ ಕೊಟ್ಟಿತು. ತಾಳೆ ಗೊನೆ 10ರಿಂದ 14 ದಿನಕ್ಕೊಮ್ಮೆ ಕೀಳಬೇಕು. ಎತ್ತರದ ಮರ ಆದರೆ ನಮ್ಮ ಅಡಿಕೆ ದೋಟಿಯಂಥ ಉದ್ದ ಕೋಲಿನ ತುದಿಯ ಕುಡುಗೋಲಿನಿಂದ. ಕೆಳಗೆ ಬಿದ್ದು ಜಜ್ಜಿದ ಹಣ್ಣಿನಲ್ಲಿ ಆಮ್ಲ ಏರೋಕೆ ಶುರುವಾಗುತ್ತೆ. 24 ಗಂಟೆಯೊಳಗೆ ಗಿರಣಿ ಸೇರದಿದ್ದರೆ ಎಣ್ಣೆಯ ದರ್ಜೆ ಬಿತ್ತು. ಗಿರಣಿ, ರಸ್ತೆ, ಲಾರಿ ಇಲ್ಲದೆ ಬರೀ ಹತ್ತು ಎಕರೆ ಕೊಟ್ಟಿದ್ದರೆ ಗೊನೆ ಕೊಳೆಯುತ್ತಿತ್ತು. ಎರಡನೆಯದು, 1960ರ ಗುಂಪು ನೆಲೆಗೊಳಿಸುವಿಕೆ ಕಾಯ್ದೆ: ತೋಟ ತುಂಡು ಮಾಡುವಂತಿಲ್ಲ, ಹಕ್ಕುಪತ್ರದಲ್ಲಿ ಹೆಚ್ಚೆಂದರೆ ಇಬ್ಬರ ಹೆಸರು. ಪೀಮಾ ಜಮೀನಿನಲ್ಲಿ 256 ಹೆಸರು ಕೂತರೆ ಇಲ್ಲಿ ಎರಡು. ತೋಟ ಉಳಿಯಿತು. ಆದರೆ ಉಳಿದ ಮಕ್ಕಳು ಹೊರಗೆ. ಒಂದು ಮನೆಯಲ್ಲಿ ಐದಾರು ಮಕ್ಕಳಿದ್ದರೆ ಎರಡನೇ ತಲೆಮಾರು ಕೌಲಾಲಂಪುರದ ಬಸ್ ಹತ್ತಲೇಬೇಕು. ಹತ್ತಿದರು ಕೂಡ.

1970ರಲ್ಲಿ ಪರ್ಯಾಯ ದ್ವೀಪದ ಬಡತನ ಶೇ. 49.3 ಇತ್ತು. ಅದು ಇಳಿದದ್ದರಲ್ಲಿ 1971ರ ಹೊಸ ಆರ್ಥಿಕ ನೀತಿಯ ಜತೆ ಈ ತೋಟಗಳ ಪಾಲೂ ಇದೆ. ಹಾಗಂತ ಫೆಲ್ಡಾವನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ತಾಳೆ ಮರಕ್ಕೆ 25 ವರ್ಷ ಆಯಸ್ಸು. ಆಮೇಲೆ ಕಡಿದು ಮರುನಾಟಿ, ಹೊಸ ಗಿಡ ಫಲ ಕೊಡೋಕೆ ಮೂರು ವರ್ಷ. ಆ ಮೂರು ವರ್ಷ ಮನೆ ನಡೆಯೋದು ಫೆಲ್ಡಾ ಕೊಡುವ ಮುಂಗಡದಲ್ಲಿ, ನಾಟಿಯ ಖರ್ಚೂ ಸಾಲವೇ. ಫಲ ಬಂದಾಗ ಎಣ್ಣೆ ಬೆಲೆ ಬಿದ್ದಿದ್ದರೆ ಕಡಿತ ಹೋಗಿ ಕೈಗೆ ಬರೋದು ಚಿಲ್ಲರೆ. 2012ರಲ್ಲಿ ಫೆಲ್ಡಾ ಗ್ಲೋಬಲ್ ವೆಂಚರ್ಸ್ ಕಂಪನಿಯನ್ನು ಷೇರುಪೇಟೆಗೆ ಇಳಿಸಿ 4.55 ರಿಂಗಿಟ್‌ಗೆ ಷೇರು ಮಾರಿದರು. ಆರು ವರ್ಷದಲ್ಲಿ ಅದರ ಬೆಲೆ ಒಂದು ರಿಂಗಿಟ್‌ಗಿಂತ ಕೆಳಗೆ. ಕೊನೆಗೆ 2021ರಲ್ಲಿ ಒಕ್ಕಲುಗಳ ಸುಮಾರು 830 ಕೋಟಿ ರಿಂಗಿಟ್ ಸಾಲವನ್ನು ಮನ್ನಾ ಮಾಡುತ್ತೇವೆ ಅಂತ ಸರ್ಕಾರ ಘೋಷಿಸಬೇಕಾಯ್ತು.

ಆರೋಗ್ಯದ ವಿಷಯದಲ್ಲಿ ಪೀಮಾ ಅಂದ ಕೂಡಲೇ ಎಲ್ಲರೂ ಹೇಳೋದು ಸಕ್ಕರೆ ಕಾಯಿಲೆ. 1965ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅಲ್ಲಿ ದಶಕಗಟ್ಟಲೆ ರಕ್ತ ತೆಗೆದು ಅಳೆಯಿತು. ಜೀನಿನ ದೋಷ ಅಂತ ಪಾಠಪುಸ್ತಕಗಳೂ ಬರೆದವು. ಗಡಿಯಾಚೆ ಮೆಕ್ಸಿಕೋದ ಮೈಕೋಬಾ ಬೆಟ್ಟದಲ್ಲೂ ಪೀಮಾಗಳಿದ್ದಾರೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರಿಜೋನಾ ಪೀಮಾಗಳಲ್ಲಿ ಸಕ್ಕರೆ ಕಾಯಿಲೆ ಶೇ. 38, ಮೈಕೋಬಾದಲ್ಲಿ ಶೇ. 6.9. ಹತ್ತಿರದ ರಕ್ತಸಂಬಂಧ, ಐದು ಪಟ್ಟಿಗೂ ಮೀರಿದ ವ್ಯತ್ಯಾಸ. ದುಡ್ಡಿನ ಲೆಕ್ಕದಲ್ಲಿ ಮೈಕೋಬಾದವರೇ ಬಡವರು, ಆದರೆ ಗುದ್ದಲಿ ಅವರ ಕೈಯಲ್ಲೇ ಉಳಿದಿತ್ತು. ಹೊಲದ ಕೆಲಸ, ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಆಲೂಗಡ್ಡೆ. ಅರಿಜೋನಾದಲ್ಲಿ ನೀರು ಹೋದಾಗ ಹೊಲ ಹೋಯ್ತು. ಟೆಪರಿ ಕಾಳು, ಮೆಸ್ಕೀಟ್ ಕಾಯಿಯ ಹಿಟ್ಟು ಹೋಗಿ ಪಡಿತರದ ಮೈದಾ, ಹಂದಿ ಕೊಬ್ಬು, ಸಕ್ಕರೆ ಬಂತು. ಇದನ್ನು ಜೀನಿನ ಮೇಲೆ ಮಾತ್ರ ಹಾಕೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಮಲೇಷ್ಯಾದ 2023ರ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸಕ್ಕರೆ ಕಾಯಿಲೆ ಶೇ. 15.6, ಅತಿತೂಕ ಅಥವಾ ಬೊಜ್ಜು ಶೇ. 54.4. ಇದನ್ನು 38ರ ಪಕ್ಕ ನೇರವಾಗಿ ಇಡಬೇಡಿ: ಪೀಮಾ ಅಧ್ಯಯನದಲ್ಲಿ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಅಳೆದರು, ಮಲೇಷ್ಯಾದಲ್ಲಿ ಬೆರಳ ತುದಿಯ ರಕ್ತ. ಮೊದಲ ವಿಧಾನ ಹೆಚ್ಚು ಜನರನ್ನು ಹಿಡಿಯುತ್ತೆ. ಆದರೂ ದಿಕ್ಕು ಒಂದೇ. ಸಕ್ಕರೆ ಹೆಚ್ಚಿರುವ ಪಾನೀಯಕ್ಕೆ 2019ರಲ್ಲಿ ಲೀಟರಿಗೆ 40 ಸೆನ್ ತೆರಿಗೆ ಹಾಕಿದರು, ಗಾಡಿ ಅಂಗಡಿಯ ಕಂಡೆನ್ಸ್ಡ್ ಹಾಲಿನ ಚಹಾ, ತೆಹ್ ತಾರಿಕ್, ಅದರ ಕೈಗೆ ಸಿಗಲಿಲ್ಲ.

ಇನ್ನು ಓರಾಂಗ್ ಅಸ್ಲಿಗಳು. ಪೀಮಾಗಳ ಜತೆ ನಿಜವಾಗಿ ಹೋಲಿಸಬೇಕಾದವರು ಇವರು. ಪೀಮಾ ಸಮುದಾಯಕ್ಕೆ ತನ್ನದೇ ಸರ್ಕಾರ, ತನ್ನದೇ ನ್ಯಾಯಾಲಯ ಇದೆ. 1988ರ ಕಾಯ್ದೆಯ ಅಡಿಯಲ್ಲಿ ಕ್ಯಾಸಿನೊ ನಡೆಸುವ ಹಕ್ಕಿದೆ, ಆ ಲಾಭ ಸಮುದಾಯದ ಆಡಳಿತ, ಕಲ್ಯಾಣ, ಅಭಿವೃದ್ಧಿ ಮತ್ತಿತರ ನಿಗದಿತ ಉದ್ದೇಶಕ್ಕೇ ಹೋಗಬೇಕು. ಇದೆಲ್ಲ ಪುಕ್ಕಟೆ ಸಿಕ್ಕಿದ್ದಲ್ಲ. 1928ರಲ್ಲಿ ಹೀಲಾ ನದಿಯ ಪೀಟರ್ ಪೋರ್ಟರ್ ಮತದಾನದ ಹಕ್ಕು ಕೇಳಿ ಹೋದಾಗ ಅರಿಜೋನಾ ಸುಪ್ರೀಂ ಕೋರ್ಟ್ ನಿರಾಕರಿಸಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಐವೋ ಜೀಮಾ ದ್ವೀಪದ ಬೆಟ್ಟದಲ್ಲಿ ಬಾವುಟ ನೆಟ್ಟ ಪೀಮಾ ಸೈನಿಕ ಐರಾ ಹೇಯ್ಸ್ 1945ರಲ್ಲಿ ಯುದ್ಧ ಮುಗಿಸಿ ಬಂದದ್ದು ಮತ ಹಾಕಲಾಗದ ಊರಿಗೆ. ಆ ತೀರ್ಪು ರದ್ದಾಗಿದ್ದು 1948ರಲ್ಲಿ.

ಓರಾಂಗ್ ಅಸ್ಲಿಗಳಿಗೆ ಮತ ಇದೆ, ಪೌರತ್ವ ಇದೆ. ಆದರೆ ಸಂವಿಧಾನದ 153ನೇ ವಿಧಿಯ ವಿಶೇಷ ಸ್ಥಾನ ಮಲಯರಿಗೆ ಮತ್ತು ಸಬಾ, ಸರವಾಕ್‌ನ ಮೂಲನಿವಾಸಿಗಳಿಗೆ. ಪರ್ಯಾಯ ದ್ವೀಪದ ಅತಿ ಹಳೆಯ ನಿವಾಸಿಗಳು ಅದರಲ್ಲಿ ಇಲ್ಲ. 1954ರ ಮೂಲನಿವಾಸಿ ಕಾಯ್ದೆಯಲ್ಲಿ ಅವರ ನೆಲವನ್ನು ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಸೇರಿಸಬಹುದು, ಅಷ್ಟೇ ಸಲೀಸಾಗಿ ತೆಗೆಯಲೂಬಹುದು. 1995ರಲ್ಲಿ ಸೆಲಾಂಗೋರ್‌ನ ಬುಕಿತ್ ತಂಪೋಯ್‌ನಲ್ಲಿ ತೆಮುವಾನ್ ಜನರ ಜಮೀನನ್ನು ವಿಮಾನ ನಿಲ್ದಾಣದ ಹೆದ್ದಾರಿಗೆ ತೆಗೆದುಕೊಂಡಾಗ ಕೊಟ್ಟ ಪರಿಹಾರ ಮರ, ಬೆಳೆ, ಮನೆಗೆ. ನೆಲಕ್ಕೆ ಸೊನ್ನೆ. ಸಗೋಂಗ್ ತಾಸಿ ಮತ್ತು ಇತರರು ಕೋರ್ಟಿಗೆ ಹೋದರು. 2002ರಲ್ಲಿ ಹೈಕೋರ್ಟ್, 2005ರಲ್ಲಿ ಮೇಲ್ಮನವಿ ನ್ಯಾಯಾಲಯ, ನೆಲವೂ ಅವರದೇ, ಬೆಲೆ ಕೊಡಿ ಅಂದವು.

ತೀರ್ಪು ಗೆದ್ದರೂ ಪ್ರತಿ ಹಳ್ಳಿ ಹೊಸದಾಗಿ ದಾವೆ ಹೂಡಬೇಕು. ಯಾವ ಅಜ್ಜ ಎಲ್ಲಿ ದುರಿಯನ್ ಮರ ನೆಟ್ಟ, ಗೋರಿ ಎಲ್ಲಿದೆ, ಹೊಳೆಗೆ ಯಾರು ಯಾವ ಹೆಸರಿಟ್ಟರು ಅಂತ ಒಂದೊಂದಾಗಿ ಸಾಕ್ಷಿ ಹೇಳಬೇಕು, ನಕ್ಷೆ ಬರೆಸಬೇಕು, ವಕೀಲರನ್ನು ಹುಡುಕಬೇಕು. ಪೀಮಾಗಳಿಗೆ 1859ರ ಗಡಿ ಇತ್ತು, 1935ರ ಡಿಕ್ರಿ ಇತ್ತು, ಅವನ್ನು ಹಿಡಿದುಕೊಂಡು 2004ರ ತನಕ ಕಾಯೋಕೆ ಒಂದು ಸರ್ಕಾರ ಇತ್ತು. ಗೆಜೆಟ್ ಆಗದ ಓರಾಂಗ್ ಅಸ್ಲಿ ಹಳ್ಳಿಯ ಹತ್ತಿರ ಇರುವುದು ಆ ದುರಿಯನ್ ಮರಗಳು, ಮತ್ತು ಅವನ್ನು ನೆಟ್ಟವರು ಯಾರು ಅಂತ ಗೊತ್ತಿರುವ ಒಂದಿಬ್ಬರು ಮುದುಕರು.