ಟ್ರಾವೆಲ್ ಟ್ರೇಲರ್‌ಗೆ 100 ಪೌಂಡಿನ ಪ್ರೊಪೇನ್ ಸಿಲಿಂಡರ್: ಒತ್ತಡವನ್ನು ಎಲ್ಲಿ ಇಳಿಸಬೇಕು?

[ದೃಶ್ಯ: ಹಿಮ ಬಿದ್ದ ಅಂಗಳದಲ್ಲಿ ನಿಂತ ಟ್ರಾವೆಲ್ ಟ್ರೇಲರ್. ಮುಂದಿನ ಮೂಕಿಯ ಮೇಲೆ ಎರಡು ಚಿಕ್ಕ ಬಿಳಿ ಸಿಲಿಂಡರ್‌ಗಳು. ಪಕ್ಕದ ನೆಲದ ಮೇಲೆ ಎದೆಮಟ್ಟದ ಒಂದು ದೊಡ್ಡ ಸಿಲಿಂಡರ್.]

ಅಮೆರಿಕ ಮತ್ತು ಕೆನಡಾಗಳಲ್ಲಿ ಟ್ರಾವೆಲ್ ಟ್ರೇಲರನ್ನು, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯನ್ನು, ರಜೆಯ ದಿನಗಳಿಗಷ್ಟೇ ಬಳಸುವವರು ಇರುವಂತೆ, ಅದನ್ನು ಚಳಿಗಾಲವಿಡೀ ಒಂದೇ ಕಡೆ ನಿಲ್ಲಿಸಿ ಅದರಲ್ಲೇ ಸಂಸಾರ ನಡೆಸುವವರೂ ಇದ್ದಾರೆ. ಟ್ರೇಲರಿನ ಮೂಕಿಯ ಮೇಲೆ, ಅಂದರೆ ಎಳೆಯುವ ವಾಹನಕ್ಕೆ ಕೊಂಡಿ ಹಾಕುವ ಮುಂಚಾಚಿನ ಮೇಲೆ, ಸಾಮಾನ್ಯವಾಗಿ 20 ಅಥವಾ 30 ಪೌಂಡಿನ ಎರಡು ಪ್ರೊಪೇನ್ ಸಿಲಿಂಡರ್‌ಗಳಿರುತ್ತವೆ. ಬೇಸಿಗೆಯಲ್ಲಿ ಅಡುಗೆಗೆ, ಗ್ಯಾಸಿನಿಂದ ನಡೆಯುವ ಫ್ರಿಜ್ಜಿಗೆ ಅವು ವಾರಗಟ್ಟಲೆ ಸಾಲುತ್ತವೆ. ಚಳಿ ಬಿದ್ದು, ಒಳಗನ್ನು ಬೆಚ್ಚಗಿಡುವ ಫರ್ನೇಸ್ ಉರಿಯತೊಡಗಿದ ಮೇಲೆ ಮಾತ್ರ ದಿನ ಬಿಟ್ಟು ದಿನ ತುಂಬಿಸಲು ಓಡಬೇಕಾಗುತ್ತದೆ. ಈ ಓಡಾಟವನ್ನು ತಪ್ಪಿಸಲು ಬಹಳ ಜನ ಹಿಡಿಯುವ ದಾರಿಯೆಂದರೆ 100 ಪೌಂಡಿನ ಸಿಲಿಂಡರನ್ನು ಟ್ರೇಲರಿನ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು. ಇದು ಒಳ್ಳೆಯ ದಾರಿಯೇ. ಆದರೆ ಸಿಲಿಂಡರ್ ಎಷ್ಟು ದೊಡ್ಡದು ಎಂಬುದಕ್ಕಿಂತ ಅದರ ಒತ್ತಡವನ್ನು ಎಲ್ಲಿ, ಯಾವುದರಿಂದ ಇಳಿಸುತ್ತೀರಿ ಎಂಬುದೇ ಇಲ್ಲಿ ನಿರ್ಣಾಯಕ, ಮತ್ತು ತೊಂದರೆಗೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ಎಡವುವುದೂ ಅಲ್ಲಿಯೇ.

[ದೃಶ್ಯ: ಪರದೆಯ ಮೇಲೆ ಲೆಕ್ಕದ ಸಾಲುಗಳು.]

ಮೊದಲು ಲೆಕ್ಕ ನೋಡೋಣ. ಒಂದು ಗ್ಯಾಲನ್ ಪ್ರೊಪೇನ್ ಸುಮಾರು 4.2 ಪೌಂಡ್ ತೂಗುತ್ತದೆ ಮತ್ತು ಉರಿದಾಗ ಸುಮಾರು 91,500 ಬಿಟಿಯು ಶಾಖ ಕೊಡುತ್ತದೆ. ಗಂಟೆಗೆ 30,000 ಬಿಟಿಯು ಸಾಮರ್ಥ್ಯದ ಫರ್ನೇಸ್ ಎಡೆಬಿಡದೆ ಉರಿದರೆ ಒಂದು ಗ್ಯಾಲನ್ ಮೂರು ಗಂಟೆಗೆ ಮುಗಿಯುತ್ತದೆ. 20 ಪೌಂಡಿನ ಸಿಲಿಂಡರಿನಲ್ಲಿ ಇರುವುದು ಸುಮಾರು 4.7 ಗ್ಯಾಲನ್, ಅಂದರೆ 14 ಗಂಟೆಯ ಉರಿ. ಕೊರೆಯುವ ಚಳಿಯಲ್ಲಿ ಫರ್ನೇಸ್ ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಆರಿರುತ್ತದೆ ಎಂದು ಹಿಡಿದರೂ ಒಂದು ಸಿಲಿಂಡರ್ ಒಂದು ದಿನದ ಮೇಲೆ ಸ್ವಲ್ಪ ಹೊತ್ತು ಬರುತ್ತದೆ, ಅಷ್ಟೆ. ಅದೇ ಲೆಕ್ಕದಲ್ಲಿ 23.6 ಗ್ಯಾಲನ್ ಹಿಡಿಯುವ 100 ಪೌಂಡಿನ ಸಿಲಿಂಡರ್ ಆರು ದಿನಗಳ ಹತ್ತಿರ ಬರುತ್ತದೆ. ನೀರು ಕಾಯಿಸುವ ಹೀಟರು, ಒಲೆ ಇವುಗಳ ಖರ್ಚು ಬೇರೆ. ಆದರೂ ಫರ್ನೇಸಿನ ಮುಂದೆ ಅವು ಲೆಕ್ಕಕ್ಕೆ ಬರುವುದು ಕಡಿಮೆ.

ದೊಡ್ಡ ಸಿಲಿಂಡರಿನ ಇನ್ನೊಂದು ಅನುಕೂಲ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಸಿಲಿಂಡರಿನೊಳಗೆ ಪ್ರೊಪೇನ್ ದ್ರವವಾಗಿರುತ್ತದೆ. ನಾವು ಬಳಸುವುದು ಅದರ ಮೇಲ್ಭಾಗದಲ್ಲಿ ನಿಂತ ಆವಿಯನ್ನು. ಆವಿ ಖರ್ಚಾದಂತೆ ದ್ರವ ಕುದಿದು ಹೊಸ ಆವಿ ಹುಟ್ಟಬೇಕು, ಆ ಕುದಿತಕ್ಕೆ ಬೇಕಾದ ಶಾಖ ಹೊರಗಿನ ಗಾಳಿಯಿಂದ ಸಿಲಿಂಡರಿನ ಉಕ್ಕಿನ ಗೋಡೆಯ ಮೂಲಕ ಒಳಗೆ ಬರಬೇಕು. ದ್ರವಕ್ಕೆ ತಾಗಿದ ಗೋಡೆ ಎಷ್ಟು ಅಗಲವೋ ಅಷ್ಟು ಶಾಖ ಒಳಬರುತ್ತದೆ. ಚಿಕ್ಕ ಸಿಲಿಂಡರಿನಿಂದ ಚಳಿಯಲ್ಲಿ ಹೆಚ್ಚು ಆವಿ ಎಳೆದರೆ ದ್ರವ ತಣ್ಣಗಾಗುತ್ತಾ ಹೋಗಿ, ಒಳಗೆ ಗ್ಯಾಸ್ ಇದ್ದೂ ಒಲೆ ಮಂಕಾಗುತ್ತದೆ. ಹೊರಗಡೆ ದ್ರವದ ಮಟ್ಟದವರೆಗೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿರುವುದು ಇದರ ಗುರುತು. ದೊಡ್ಡ ಸಿಲಿಂಡರಿನಲ್ಲಿ ಈ ತಾಪತ್ರಯ ತಡವಾಗಿ ಬರುತ್ತದೆ, ಬರುವುದೇ ಇಲ್ಲವೆಂದಲ್ಲ: ಮುಕ್ಕಾಲು ಖಾಲಿಯಾದ ದೊಡ್ಡ ಸಿಲಿಂಡರಿನಲ್ಲೂ ದ್ರವ ತಾಗುವ ಗೋಡೆ ಸ್ವಲ್ಪವೇ ಉಳಿದಿರುತ್ತದೆ. ಆದ್ದರಿಂದ ಕಡು ಚಳಿಯಲ್ಲಿ ಸಿಲಿಂಡರ್ ಪೂರ್ತಿ ಬರಿದಾಗುವವರೆಗೆ ಕಾಯದೆ ತುಂಬಿಸಿಕೊಳ್ಳುವುದು ಜಾಣತನ. ಸಿಲಿಂಡರಿಗೆ ಬೆಂಕಿಯ ಜ್ವಾಲೆ ಹಿಡಿಯುವುದನ್ನಾಗಲಿ, ಮನೆಬಳಕೆಯ ವಿದ್ಯುತ್ ಕಂಬಳಿ ಸುತ್ತುವುದನ್ನಾಗಲಿ ಯಾವ ಕಾರಣಕ್ಕೂ ಮಾಡಬಾರದು.

[ದೃಶ್ಯ: ಮಟ್ಟಸವಾದ ಕಾಂಕ್ರೀಟ್ ಹಾಸಿನ ಮೇಲೆ ನಿಂತ ಸಿಲಿಂಡರನ್ನು ಕಂಬಕ್ಕೆ ಸರಪಳಿಯಿಂದ ಬಿಗಿಯುತ್ತಿರುವ ಕೈಗಳು.]

ಈ ಸಿಲಿಂಡರಿನ ಎತ್ತರ ಸುಮಾರು ನಾಲ್ಕು ಅಡಿ, ಖಾಲಿ ಇದ್ದಾಗಿನ ತೂಕ 70 ಪೌಂಡಿನ ಆಸುಪಾಸು, ತುಂಬಿದಾಗ ಸುಮಾರು 170 ಪೌಂಡ್. ಇದನ್ನು ಮೂಕಿಯ ಮೇಲೆ ಕೂರಿಸಿಕೊಂಡು ರಸ್ತೆಗಿಳಿಯುವ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಮೂಕಿಯ ಮೇಲಿನ ಸಿಲಿಂಡರ್ ತಟ್ಟೆ, ಹಿಡಿಕೆಗಳು 20, 30 ಪೌಂಡಿನ ಗಾತ್ರಕ್ಕೆಂದೇ ಮಾಡಿದವು. ದೊಡ್ಡ ಸಿಲಿಂಡರ್ ಟ್ರೇಲರ್ ನಿಂತಿರುವಾಗ ನೆಲದ ಮೇಲೆ ನಿಲ್ಲುವ ವಸ್ತು. ಹೊರಡುವಾಗ ಅದು ಹಿಂದೆ ಉಳಿಯಬೇಕು. ತುಂಬಿಸಲು ಒಯ್ಯುವಾಗಲೂ ತೆರೆದ ಪಿಕಪ್ ಟ್ರಕ್ಕಿನಲ್ಲಿ ನೆಟ್ಟಗೆ ನಿಲ್ಲಿಸಿ ಬಿಗಿದು ಒಯ್ಯಬೇಕೇ ಹೊರತು ಕಾರಿನೊಳಗೆ, ವ್ಯಾನಿನೊಳಗೆ ಮಲಗಿಸಿಕೊಂಡು ಅಲ್ಲ. ಮಲಗಿಸಿದರೆ ಸುರಕ್ಷತಾ ವಾಲ್ವಿನ ಬಾಯಿಗೆ ಆವಿಯ ಬದಲು ದ್ರವ ಬಂದು ನಿಲ್ಲುತ್ತದೆ, ವಾಲ್ವ್ ತೆರೆದುಕೊಂಡರೆ ಹೊರಚಿಮ್ಮುವುದು ದ್ರವ. ಒಂದು ಪಾಲು ದ್ರವ ಆವಿಯಾದಾಗ ಸುಮಾರು 270 ಪಾಲು ಜಾಗ ಆಕ್ರಮಿಸುತ್ತದೆ.

ನಿಲ್ಲಿಸುವ ನೆಲ ಗಟ್ಟಿಯಾಗಿ ಮಟ್ಟಸವಾಗಿರಬೇಕು. ಹೆಪ್ಪುಗಟ್ಟಿದ ಮಣ್ಣು ಕರಗಿದಾಗ ಕುಸಿಯುತ್ತದೆ, ಆದ್ದರಿಂದ ಬರಿಯ ಮಣ್ಣಿನ ಮೇಲೆ ಬೇಡ, ಕಾಂಕ್ರೀಟ್ ಹಾಸು ಇರಲಿ; ಜೊತೆಗೆ ಒಂದು ಕಂಬಕ್ಕೆ ಸರಪಳಿ. ಫರ್ನೇಸಿನ ಹೊಗೆ ಹೊರಬರುವ ತೂತು, ಕಿಟಕಿ, ಬಾಗಿಲು, ಜನರೇಟರ್ ಇವುಗಳಿಂದ ದೂರವಿರಲಿ. ಪ್ರೊಪೇನ್ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಚದುರುವುದಿಲ್ಲ, ತಗ್ಗಿನಲ್ಲಿ ಹರಿದು ಟ್ರೇಲರಿನ ಅಡಿಯಲ್ಲಿ ನಿಲ್ಲುತ್ತದೆ. ಚಳಿಗಾಲಕ್ಕೆಂದು ಟ್ರೇಲರಿನ ಸುತ್ತ ಅಡಿಭಾಗವನ್ನು ಹಲಗೆಯಿಂದ ಮುಚ್ಚಿದವರಂತೂ ಸಿಲಿಂಡರನ್ನು ಆ ಮುಚ್ಚಿಗೆಯ ಹೊರಗೇ ಇಡಬೇಕು.

[ದೃಶ್ಯ: ಮೂಕಿಯ ಮೇಲಿನ ರೆಗ್ಯುಲೇಟರಿನ ಸಮೀಪದೃಶ್ಯ. ಎರಡು ಬದಿಗೂ ಹೋಸ್, ನಡುವೆ ಬಾಣದ ಗುರುತಿನ ಗುಂಡಿ, ಹಸಿರು ಬಣ್ಣ ತೋರುವ ಪುಟ್ಟ ಕಿಂಡಿ.]

ಈಗ ಒತ್ತಡದ ಮಾತಿಗೆ ಬರೋಣ. ಸಿಲಿಂಡರಿನೊಳಗಿನ ಒತ್ತಡ ಗಾತ್ರವನ್ನು ಅವಲಂಬಿಸಿಲ್ಲ, ತಾಪಮಾನವನ್ನು ಅವಲಂಬಿಸಿದೆ. 70 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅದು 110 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಆಸುಪಾಸಿನಲ್ಲಿರುತ್ತದೆ, ಸೊನ್ನೆಗಿಂತ 20 ಡಿಗ್ರಿ ಕೆಳಗೆ 10ರ ಹತ್ತಿರಕ್ಕೆ ಇಳಿಯುತ್ತದೆ, ಸೊನ್ನೆಗಿಂತ 44 ಡಿಗ್ರಿ ಕೆಳಗೆ ಕುದಿತವೇ ನಿಲ್ಲುತ್ತದೆ. ಟ್ರೇಲರಿನ ಉಪಕರಣಗಳಿಗೆ ಬೇಕಿರುವುದು 11 ಅಂಗುಲ ನೀರಿನ ಎತ್ತರದ ಒತ್ತಡ, ಅಂದರೆ ಸುಮಾರು 0.4 ಪಿಎಸ್‌ಐ. ಮೂಕಿಯ ಮೇಲಿನ ಎರಡು ಹಂತದ ರೆಗ್ಯುಲೇಟರ್ ಈ ಇಳಿಕೆಯನ್ನು ಮಾಡುತ್ತದೆ: ಮೊದಲ ಹಂತದಲ್ಲಿ 10 ಪಿಎಸ್‌ಐ ಆಸುಪಾಸಿಗೆ, ಎರಡನೆಯ ಹಂತದಲ್ಲಿ 11 ಅಂಗುಲಕ್ಕೆ.

ಸರಳವಾದ ಜೋಡಣೆಯೆಂದರೆ ದೊಡ್ಡ ಸಿಲಿಂಡರನ್ನು ಮೂಕಿಯ ಪಕ್ಕದಲ್ಲೇ ನಿಲ್ಲಿಸಿ, ಎರಡು ಚಿಕ್ಕ ಸಿಲಿಂಡರ್‌ಗಳಲ್ಲಿ ಒಂದನ್ನು ಬಿಚ್ಚಿ, ಆ ಬದಿಯ ಬಾಯಿಗೆ 350 ಪಿಎಸ್‌ಐಗೆ ತಕ್ಕ ಅಧಿಕ ಒತ್ತಡದ ಹೋಸ್ ಮೂಲಕ ದೊಡ್ಡದನ್ನು ಜೋಡಿಸುವುದು. ಆಗ ಟ್ರೇಲರಿನ ರೆಗ್ಯುಲೇಟರೇ ಎಂದಿನಂತೆ ಒತ್ತಡ ಇಳಿಸುತ್ತದೆ. ಬಾಣದ ಗುಂಡಿಯನ್ನು ದೊಡ್ಡದರ ಕಡೆಗೆ ತಿರುಗಿಸಿಟ್ಟರೆ ಅದು ಮುಗಿದ ಕೂಡಲೇ ಇನ್ನೊಂದು ಬದಿಯ ಚಿಕ್ಕ ಸಿಲಿಂಡರಿಗೆ ತಾನಾಗಿ ಬದಲಾಗುತ್ತದೆ, ಕಿಂಡಿಯ ಹಸಿರು ಹೋಗಿ ಕೆಂಪು ಕಾಣುತ್ತದೆ. ನಡುರಾತ್ರಿ ಫರ್ನೇಸ್ ಆರುವುದು ತಪ್ಪುತ್ತದೆ. ಈ ಒಂದು ಕಾರಣಕ್ಕೇ, ಎರಡೂ ಚಿಕ್ಕ ಸಿಲಿಂಡರ್‌ಗಳನ್ನು ಬಿಚ್ಚಿ ಎತ್ತಿಡುವವರ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ಆಗುವ ಸಾಮಾನ್ಯ ಎಡವಟ್ಟು ರೆಗ್ಯುಲೇಟರಿನ ಮೇಲೆ ರೆಗ್ಯುಲೇಟರ್. ಮನೆಗಳಿಗೆ ಹಾಕುವ ರೆಗ್ಯುಲೇಟರನ್ನು ದೊಡ್ಡ ಸಿಲಿಂಡರಿಗೆ ಕೂರಿಸಿ, ಅಲ್ಲಿಯೇ 11 ಅಂಗುಲಕ್ಕೆ ಇಳಿದ ಗ್ಯಾಸನ್ನು ತಂದು ಟ್ರೇಲರಿನ ರೆಗ್ಯುಲೇಟರಿಗೆ ಕೊಟ್ಟರೆ, ಇಳಿಸಲು ಏನೂ ಉಳಿಯದ ಆ ಎರಡನೆಯ ರೆಗ್ಯುಲೇಟರ್ ದಾರಿಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಒಲೆಯೊಂದನ್ನೇ ಹಚ್ಚಿದಾಗ ಜ್ವಾಲೆ ನೀಲಿಯಾಗಿಯೇ ಕಾಣುತ್ತದೆ, ಆದರೆ ಫರ್ನೇಸ್ ಮತ್ತು ನೀರಿನ ಹೀಟರ್ ಒಟ್ಟಿಗೆ ಉರಿಯತೊಡಗಿದಾಗ ಕುಸಿಯುತ್ತದೆ. ಜನ ಆಗ ಬೈಯುವುದು ಫರ್ನೇಸನ್ನು. ಒತ್ತಡವನ್ನು ಅಳೆಯುವಾಗ ಎಲ್ಲ ಉಪಕರಣಗಳನ್ನೂ ಹಚ್ಚಿಕೊಂಡೇ ಮಾನೋಮೀಟರ್ ನೋಡಬೇಕೆನ್ನುವುದು ಇದಕ್ಕಾಗಿಯೇ.

[ದೃಶ್ಯ: ಸರಳ ಚಿತ್ರ. ಎತ್ತರದ ಸಿಲಿಂಡರಿನ ವಾಲ್ವಿನಿಂದ ಕೆಳಗಿಳಿದು, ತಗ್ಗಿನಲ್ಲಿರುವ ರೆಗ್ಯುಲೇಟರಿಗೆ ಸೇರುವ ಹೋಸ್, ಅದರೊಳಗೆ ಹನಿಗಳು.]

ಇನ್ನೊಂದು ಸೂಕ್ಷ್ಮವಿದೆ. ಮೂಕಿಯ ಮೇಲಿನ ವ್ಯವಸ್ಥೆಯಲ್ಲಿ ರೆಗ್ಯುಲೇಟರ್ ಸಿಲಿಂಡರಿನ ವಾಲ್ವಿಗಿಂತ ಎತ್ತರದಲ್ಲಿ ಇರುವಂತೆ ಕೂರಿಸಿರುತ್ತಾರೆ. ಹೋಸಿನಲ್ಲಿ ಏನಾದರೂ ದ್ರವವಾದರೆ ಅದು ಮರಳಿ ಸಿಲಿಂಡರಿಗೇ ಇಳಿಯಲಿ ಎಂಬುದು ಇದರ ಉದ್ದೇಶ. ನಾಲ್ಕು ಅಡಿ ಎತ್ತರದ ಸಿಲಿಂಡರನ್ನು ನೆಲಕ್ಕೆ ನಿಲ್ಲಿಸಿದ ಕೂಡಲೇ ಈ ಇಳಿಜಾರು ತಲೆಕೆಳಗಾಗುವ ಸಂಭವವಿದೆ. ಬಿಸಿಲಿಗೆ ಮೈಯೊಡ್ಡಿದ ಸಿಲಿಂಡರಿನಿಂದ ಹೊರಟ ಆವಿ, ನೆರಳಲ್ಲಿ ಹಿಮದ ಮೇಲೆ ಬಿದ್ದ ಉದ್ದನೆಯ ಹೋಸಿನೊಳಗೆ ತಂಪಾಗಿ ಮತ್ತೆ ದ್ರವವಾಗುತ್ತದೆ. ಗ್ಯಾಸಿನ ಜೊತೆ ಬರುವ ಎಣ್ಣೆಯಂಥ ಜಿಡ್ಡೂ ಅದರೊಂದಿಗೆ ಜಾರಿ ರೆಗ್ಯುಲೇಟರಿನಲ್ಲಿ ಸೇರಿಕೊಳ್ಳುತ್ತದೆ. ಸಿಲಿಂಡರ್ ಕೆಲವೇ ಅಡಿ ದೂರದಲ್ಲಿದ್ದರೆ ನೇರ ಹೋಸ್ ಸಾಕು. ಹೆಚ್ಚು ದೂರ ಇಡಲೇಬೇಕಾದರೆ ಸಿಲಿಂಡರಿನ ಬಳಿಯೇ ಮೊದಲ ಹಂತದ ರೆಗ್ಯುಲೇಟರ್ ಕೂರಿಸಿ 10 ಪಿಎಸ್‌ಐನಲ್ಲಿ ಗ್ಯಾಸ್ ತಂದು, ಟ್ರೇಲರಿನ ಬಳಿ ಎರಡನೆಯ ಹಂತವನ್ನು ಮಾತ್ರ ಇಡುವ ಜೋಡಣೆ ಉತ್ತಮ. ಇದನ್ನು ಪ್ರೊಪೇನ್ ಕೆಲಸದ ಪರವಾನಗಿ ಇರುವ ತಂತ್ರಜ್ಞರಿಂದಲೇ ಮಾಡಿಸಿ. ಉಳಿಸಬಹುದಾದ ಕೂಲಿ ಇದಲ್ಲ.

ಹೋಸ್ ಕೊಳ್ಳುವಾಗ ತುದಿಯನ್ನು ನೋಡಿ ಕೊಳ್ಳಿ. ಮೂಕಿಯ ಸಿಲಿಂಡರ್‌ಗಳಿಗೆ ಹೊರಗಡೆ ದಪ್ಪ ತಿರುಪು ಇರುತ್ತದೆ, ಪ್ಲಾಸ್ಟಿಕ್ ನಟ್ಟನ್ನು ಕೈಯಿಂದಲೇ ಬಲಕ್ಕೆ ತಿರುಗಿಸಿ ಬಿಗಿಯಬಹುದು. 100 ಪೌಂಡಿನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಪಿಒಎಲ್ ಮಾದರಿಯ ಒಳತಿರುಪು. ಅದನ್ನು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಸ್ಪ್ಯಾನರ್ ಬೇಕು. ಜೋಡಿಸಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒಮ್ಮೆಲೇ ತೆರೆದರೆ ಹೋಸಿನ ತುದಿಯಲ್ಲಿರುವ ಹರಿವು ತಡೆ ಇದನ್ನು ಸೋರಿಕೆಯೆಂದು ಬಗೆದು ಗ್ಯಾಸನ್ನು ಬಹುಪಾಲು ನಿಲ್ಲಿಸಿಬಿಡಬಹುದು. ಹಾಗಾದರೆ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು, ಮತ್ತೆ ಮೆಲ್ಲಗೆ ತೆರೆಯಬೇಕು. ಆಮೇಲೆ ಪ್ರತಿ ಕೀಲಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಅಮೋನಿಯಾ ಇರುವ ಸಾಬೂನು ಹಿತ್ತಾಳೆಯನ್ನು ಕೆಡಿಸುವುದರಿಂದ ಅದು ಬೇಡ.

[ದೃಶ್ಯ: ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಕೊರೆದ ಅಕ್ಷರಗಳು ಮತ್ತು ತಯಾರಿಕೆಯ ತಿಂಗಳು, ವರ್ಷ.]

ತುಂಬಿಸುವ ವಿಷಯದಲ್ಲಿಯೂ ಒಂದು ವ್ಯತ್ಯಾಸವಿದೆ. 4ರಿಂದ 40 ಪೌಂಡಿನ ಸಿಲಿಂಡರ್‌ಗಳಲ್ಲಿ ಅತಿಯಾಗಿ ತುಂಬುವುದನ್ನು ತಡೆಯುವ ತೇಲುಗುಂಡಿನ ವಾಲ್ವ್ ಇರಬೇಕೆಂಬುದು ಅಮೆರಿಕದ ನಿಯಮ. 2002ರಿಂದ ಅದಿಲ್ಲದ ಆ ಗಾತ್ರದ ಸಿಲಿಂಡರ್‌ಗಳನ್ನು ತುಂಬಿಸುವಂತಿಲ್ಲ. 100 ಪೌಂಡಿನದಕ್ಕೆ ಈ ಕಡ್ಡಾಯವಿಲ್ಲ, ಹೀಗಾಗಿ ತುಂಬುವವರು ತೂಕ ನೋಡಿ, ಇಲ್ಲವೇ ದ್ರವಮಟ್ಟ ತೋರುವ ಪುಟ್ಟ ತಿರುಪನ್ನು ಸಡಿಲಿಸಿ ನೋಡಿ ನಿಲ್ಲಿಸಬೇಕು. ಕೊರಳಪಟ್ಟಿಯ ಮೇಲೆ ನೀರಿನ ಸಾಮರ್ಥ್ಯ ಸುಮಾರು 238 ಪೌಂಡ್ ಎಂದು ಬರೆದಿರುತ್ತದೆ, ಅದರ ಶೇಕಡಾ 42ರಷ್ಟು ತೂಕದ ಪ್ರೊಪೇನ್ ಮಾತ್ರ ತುಂಬಬೇಕು, ಅಂದರೆ 100 ಪೌಂಡ್. ಉಳಿದ ಜಾಗ ಬಿಸಿಲಿನಲ್ಲಿ ದ್ರವ ಹಿಗ್ಗಲು. ಬಳಸಿದ ಸಿಲಿಂಡರ್ ಕೊಳ್ಳುವವರು ಅದೇ ಪಟ್ಟಿಯಲ್ಲಿ ತಯಾರಿಕೆಯ ವರ್ಷವನ್ನೂ ನೋಡಬೇಕು: ಅಮೆರಿಕದಲ್ಲಿ ಹೊಸ ಸಿಲಿಂಡರಿನ ಮೊದಲ ಮರುಪರೀಕ್ಷೆ 12 ವರ್ಷಕ್ಕೆ, ಕೆನಡಾದಲ್ಲಿ 10 ವರ್ಷಕ್ಕೆ. ಅವಧಿ ಮೀರಿದ್ದನ್ನು ತುಂಬಿಕೊಡುವುದಿಲ್ಲ.

ಹಿಮ ಬೀಳುವ ಕಡೆ ರೆಗ್ಯುಲೇಟರಿನ ಉಸಿರಾಟದ ತೂತು ಕೆಳಮುಖವಾಗಿರಬೇಕು, ಮೇಲೊಂದು ಮುಚ್ಚಳವಿರಬೇಕು. ಆ ತೂತು ಮಂಜುಗಡ್ಡೆಯಿಂದ ಮುಚ್ಚಿಹೋದರೆ ರೆಗ್ಯುಲೇಟರ್ ಹೊರಗಿನ ಗಾಳಿಯ ಒತ್ತಡವನ್ನು ಅರಿಯಲಾರದೆ ತಪ್ಪು ಒತ್ತಡವನ್ನು ಒಳಗೆ ಬಿಡಬಹುದು. ಟ್ರೇಲರಿನೊಳಗಿನ ಗ್ಯಾಸ್ ಸೂಚಕ ನೆಲಮಟ್ಟಕ್ಕೆ ಹತ್ತಿರದಲ್ಲಿದ್ದು, ಅದರ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕಾರ್ಬನ್ ಮೊನಾಕ್ಸೈಡ್ ಸೂಚಕವೂ ಇರಲಿ. ಗ್ಯಾಸ್ ಧಾರಾಳವಾಗಿದೆ ಎಂದು ಅಡುಗೆ ಒಲೆಯನ್ನೇ ಹಚ್ಚಿಟ್ಟು ಕೋಣೆ ಬೆಚ್ಚಗೆ ಮಾಡಿಕೊಳ್ಳುವುದು ಜೀವಕ್ಕೆ ಎರವಾಗುವ ಅಭ್ಯಾಸ.

ಆರು ದಿನವೂ ಸಾಲದು ಎನ್ನುವವರಿಗೆ 420 ಪೌಂಡಿನ, ಅಂದರೆ ನೀರಿನ ಸಾಮರ್ಥ್ಯದ ಲೆಕ್ಕದಲ್ಲಿ ಸುಮಾರು 120 ಗ್ಯಾಲನ್ನಿನ ಟ್ಯಾಂಕು ಇದೆ. ಪೂರೈಕೆದಾರರು ಅದನ್ನು ಬಾಡಿಗೆಗೆ ತಂದಿಟ್ಟು, ಲಾರಿಯಲ್ಲಿ ಬಂದು ಇದ್ದಲ್ಲಿಯೇ ತುಂಬಿಕೊಡುತ್ತಾರೆ. ಅದಕ್ಕಿಂತ ದೊಡ್ಡ, 125ರಿಂದ 500 ಗ್ಯಾಲನ್ನಿನ ಟ್ಯಾಂಕುಗಳು ನೆಲದ ಮೇಲಿದ್ದರೆ ಕಟ್ಟಡದಿಂದ 10 ಅಡಿ ದೂರವಿರಬೇಕೆಂಬ ನಿಯಮವಿದೆ. ಟ್ರೇಲರ್ ಪಾರ್ಕುಗಳ ಇಕ್ಕಟ್ಟಿನಲ್ಲಿ ಅಷ್ಟು ಜಾಗ ಸಿಗುವುದು ಅಪರೂಪ. ಕೆಲವು ಪಾರ್ಕುಗಳು 100 ಪೌಂಡಿನದನ್ನೂ ಒಪ್ಪುವುದಿಲ್ಲ, ಆದ್ದರಿಂದ ಕೊಳ್ಳುವ ಮೊದಲು ಕೇಳಿಕೊಳ್ಳಿ.

[ದೃಶ್ಯ: ವಾಲ್ವ್ ಮುಚ್ಚುವ ಕೈ, ವಾಲ್ವಿನ ಬಾಯಿಗೆ ಬಿರಡೆ ತಿರುಗಿಸುವುದು.]

ಹೊರಡುವ ದಿನ ದೊಡ್ಡ ಸಿಲಿಂಡರಿನ ವಾಲ್ವನ್ನು ಮುಚ್ಚಿ, ಹೋಸಿನಲ್ಲಿ ಉಳಿದ ಗ್ಯಾಸನ್ನು ಒಲೆಯಲ್ಲಿ ಉರಿಸಿ ಮುಗಿಸಿ. ಈ ಹೊತ್ತಿನಲ್ಲಿ ಚಿಕ್ಕ ಸಿಲಿಂಡರಿನ ವಾಲ್ವೂ ಮುಚ್ಚಿರಬೇಕು, ಇಲ್ಲದಿದ್ದರೆ ಗ್ಯಾಸ್ ಅಲ್ಲಿಂದ ಬರುತ್ತಲೇ ಇರುತ್ತದೆ. ಒಲೆ ತಾನಾಗಿ ಆರಿದ ಮೇಲೆ ಅದರ ಗುಂಡಿಯನ್ನು ಮುಚ್ಚಿ, ಹೋಸ್ ಬಿಚ್ಚಿ, ಸಿಲಿಂಡರ್ ಖಾಲಿಯಿದ್ದರೂ ಅದರ ಬಾಯಿಗೆ ಬಿರಡೆ ತಿರುಗಿಸಿ. ಬಿಚ್ಚಿಟ್ಟಿದ್ದ ಚಿಕ್ಕ ಸಿಲಿಂಡರನ್ನು ಮೂಕಿಯ ಮೇಲೆ ಮತ್ತೆ ಕೂರಿಸಿ, ಅದರ ಹೋಸಿನ ಎರಡೂ ತುದಿಯ ಕೀಲುಗಳಿಗೆ ಸಾಬೂನು ನೀರು ಹಚ್ಚಿ ನೋಡಿದ ಮೇಲೆ ಟ್ರೇಲರ್ ರಸ್ತೆಗಿಳಿಯಬಹುದು.